ಬರೇ ಬಯಲು

"ನಿಮ್ಮೂರಾಗ ನೋಡಾಕ ಏನೈತ್ರೀ?" ಅಂತ ಕೇಳಿದ್ರೆ ನಮ್ಮ ರಾಣೆಬೆನ್ನೂರಿನವರು ಕೊಡೋ ಉತ್ತರ ಒಂದೇ. "ಏನಿಲ್ರೀ, ಬರೇ ಬಯಲು."

ಇದನ್ನ ನಾವು ಬೇಜಾರಿನಿಂದ ಹೇಳೋದಲ್ಲ, ಒಂಥರಾ ಸಂಕೋಚದಿಂದ ಹೇಳೋದು. ಶಿರಸಿಯವರಿಗೆ ಕಾಡಿದೆ, ಹಂಪಿಯವರಿಗೆ ಹಂಪಿ ಇದೆ, ಕಾರವಾರದವರಿಗೆ ಸಮುದ್ರ. ನಮಗೆ? ಪಿ.ಬಿ. ರೋಡು, ಬೀಜದ ಕಂಪನಿಗಳ ಬೋರ್ಡುಗಳು, ಮಿರ್ಚಿ-ಮಂಡಕ್ಕಿ. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗೋರು ನಮ್ಮೂರನ್ನ ನೋಡೋದು ರಾತ್ರಿ ಬಸ್ಸಿನ ಕಿಟಕಿಯಿಂದ, ಅದೂ ಅರ್ಧ ನಿದ್ದೆಯಲ್ಲಿ. ಕಂಡಕ್ಟರು "ರಾಣಿಬೆನ್ನೂರ್ ಯಾರ್ರೀ ಇಳಿಯೋರು..." ಅಂತ ಕೂಗಿದಾಗ ಒಮ್ಮೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಾರೆ. ಅಷ್ಟೇ.

ಈ ವಿಷಯ ಮತ್ತೆ ತಲೆಗೆ ಹತ್ತಿದ್ದು ನಮ್ಮ ಅಕ್ಕನ ಮಗನಿಂದ. ಅವನು ಅಮೆರಿಕದ ನಾರ್ತ್ ಡಕೋಟಾದಲ್ಲಿ ಓದ್ತಾ ಇದಾನೆ. ಜುಲೈನಲ್ಲಿ ರಜೆಗೆ ಬಂದಾಗ ಮೊಬೈಲಿನಲ್ಲಿ ಫೋಟೋ ತೋರಿಸ್ದ. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ಅಲ್ಲಲ್ಲಿ ಕೊರಕಲು ಬಿದ್ದ ಬೋಳು ಗುಡ್ಡ, ನಡುವೆ ಕಾಡೆಮ್ಮೆಯಂಥಾ ಬೈಸನ್ನುಗಳು. ಥಿಯೋಡರ್ ರೂಸ್‌ವೆಲ್ಟ್ ನ್ಯಾಷನಲ್ ಪಾರ್ಕ್ ಅಂತೆ. ಆಮೇಲೆ ಅಧ್ಯಕ್ಷನಾದ ರೂಸ್‌ವೆಲ್ಟು 1883ರಲ್ಲಿ ಬೈಸನ್ ಬೇಟೆಯಾಡಬೇಕು ಅಂತ ಅಲ್ಲಿಗೆ ಬಂದಾಗ ಬೈಸನ್ನುಗಳು ಹೆಚ್ಚೂಕಮ್ಮಿ ಮುಗಿದೇ ಹೋಗಿದ್ದವು. ಹೊಡೆಯೋಕೆ ಒಂದನ್ನ ಹುಡುಕೋದೇ ಕಷ್ಟ ಆಗಿತ್ತು. ಅದೇ ನೆಲಕ್ಕೆ 1956ರಲ್ಲಿ ಬೇರೆ ಕಡೆಯಿಂದ ಬೈಸನ್ ತಂದು ಬಿಟ್ಟರು. ಪಾರ್ಕಿನ ಬಾಗಿಲಲ್ಲೇ ಮೆಡೋರಾ ಅಂತ ಒಂದು ಪುಟ್ಟ ಊರು. 1883ರಲ್ಲಿ ಫ್ರಾನ್ಸಿನ ಶ್ರೀಮಂತನೊಬ್ಬ ಮಾಂಸದ ಕಾರ್ಖಾನೆ ಹಾಕಿ, ಊರು ಕಟ್ಟಿ, ಹೆಂಡತಿಯ ಹೆಸರಿಟ್ಟ. ಆ ಊರನ್ನ ಈಗ ಹಳೇ ಕಾಲದ ಊರು ಅಂತ ಜನ ಟಿಕೆಟ್ ತಗೊಂಡು ನೋಡ್ತಾರಂತೆ.

1883! ನಮ್ಮ ಕಡೆ ಅಷ್ಟು ಹಳೇದು ಅಂದ್ರೆ ಯಾರದೋ ಮನೆಯ ಅಟ್ಟ :)

"ಇದೂ ಬರೇ ಬಯಲೇ ಅಲ್ಲೇನೋ?" ಅಂತ ಕೇಳಿದೆ. ಅವನು ನಕ್ಕು, "ಹೌದು ಮಾಮಾ, ಆದ್ರ ಅಲ್ಲಿ ಹುಲ್ಲು ನೋಡಾಕ ಬರ್ತಾರ" ಅಂದ.

ಈ ಮಾತು ಸರಿಯಾಗಿ ನಾಟ್ತು. ನಮ್ಮಲ್ಲೂ ಹುಲ್ಲಿದೆ, ಹುಲ್ಲಿನ ಮೃಗ ಇದೆ, ಹುಲ್ಲಿನ ಮೇಲೆ ಬೆಳೆದ ಸಾವಿರ ವರ್ಷದ ಊರುಗಳಿವೆ. ನೋಡೋ ಕ್ರಮ ಮಾತ್ರ ಇಲ್ಲ. ಸರಿ, ಮೂರು ದಿನ ಬೈಕು ತಗೊಂಡು ಇಬ್ಬರೂ ತಿರುಗಿದ್ವಿ. ಅದರ ಕಥೆ ಇದು. ಫೋಟೋಗಳು ಅವನ ಹತ್ರ ಇವೆ, ಕಳಿಸ್ತೀನಿ ಅಂದವನು ಇನ್ನೂ ಕಳಿಸಿಲ್ಲ.

ಮೊದಲ ದಿನ ಚಿಗರಿ. ಪುಸ್ತಕದಲ್ಲಿ ಕೃಷ್ಣಮೃಗ ಅಂತಾರೆ, ನಮ್ಮ ಕಡೆ ಚಿಗರಿ. (ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡ್ತಿರೋ ಎಸಿ ಬಸ್ಸಿಗೆ ಇದೇ ಹೆಸರಿಟ್ಟಿದಾರೆ. ಬಸ್ಸು ನೋಡಿದೋರ ಪೈಕಿ ಎಷ್ಟು ಜನ ಚಿಗರಿ ನೋಡಿದಾರೋ!) ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಗಿದ್ದು 1974ರಲ್ಲಿ. ಆಗ ಇದೆಲ್ಲ ಧಾರವಾಡ ಜಿಲ್ಲೆ, ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಒಟ್ಟು 119 ಚದರ ಕಿಲೋಮೀಟರು, ಅದರಲ್ಲಿ ನಡುವಿನ ಭಾಗ ಅಂತ ಇಟ್ಟಿರೋದು 14.87 ಚದರ ಕಿಲೋಮೀಟರು ಮಾತ್ರ. ಊರಿಂದ ಹತ್ತು ಕಿಲೋಮೀಟರಿನ ಒಳಗೇ ಇದೆ.

ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿದ್ವಿ. ಮೋಡ ಇತ್ತು, ಮಳೆ ಇರಲಿಲ್ಲ. ಮೊದಲ ಅರ್ಧ ತಾಸು ಏನೂ ಕಾಣಲಿಲ್ಲ. ಆಮೇಲೆ ಹುಡುಗ ಮೆಲ್ಲಗೆ ನನ್ನ ತೋಳು ಚಿವುಟಿದ. ಹುಲ್ಲಿನ ಬಣ್ಣದ್ದೇ ಏನೋ ಹುಲ್ಲಿನ ನಡುವೆ ತಲೆ ಎತ್ತಿ ನಮ್ಮನ್ನೇ ನೋಡ್ತಾ ಇತ್ತು. ಒಂದು ಕಂಡಿತು ಅನ್ನೋ ಹೊತ್ತಿಗೆ ಇನ್ನೊಂದು, ಮತ್ತೊಂದು... ಎಣಿಸಿದರೆ ಇಪ್ಪತ್ತಕ್ಕೂ ಹೆಚ್ಚು ಹೆಣ್ಣು ಚಿಗರಿಗಳು! ಹೆಣ್ಣಿಗೆ ಕೋಡಿಲ್ಲ, ಮೈ ಕಂದು. ಸ್ವಲ್ಪ ದೂರದಲ್ಲಿ ಒಂದೇ ಒಂದು ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ, ತಿರುಚಿದ ಉದ್ದ ಕೋಡು. ಅದು ಮೂತಿ ಮೇಲೆತ್ತಿ, ಕೋಡನ್ನ ಬೆನ್ನಿಗೆ ಒರಗಿಸಿ ನಡೆಯೋ ಗತ್ತು ನೋಡಬೇಕು. ನಮ್ಮ ಹಳೇ ಗೌಡರ ಗತ್ತು.

ಯಾವುದಕ್ಕೆ ಹೆದರಿದವೋ ಗೊತ್ತಾಗಲಿಲ್ಲ, ಒಂದು ಹೆಣ್ಣು ನಿಂತಲ್ಲೇ ಗಾಳಿಗೆ ಚಿಮ್ಮಿತು. ಅದರ ಹಿಂದೆ ಎಲ್ಲವೂ ಒಂದಾದ ಮೇಲೊಂದು ಚಿಮ್ಮುತ್ತಾ ಹೊರಟವು. ಗಂಟೆಗೆ ಎಂಬತ್ತು ಕಿಲೋಮೀಟರು ಓಡಬಲ್ಲ ಪ್ರಾಣಿ ಇದು. ಅಷ್ಟು ವೇಗ ಯಾತಕ್ಕೆ ಬೇಕು ಅಂತ ಹುಡುಗ ಕೇಳಿದ. ತೋಳದಿಂದ ತಪ್ಪಿಸಿಕೊಳ್ಳೋಕೆ ಇಷ್ಟೊಂದು ಬೇಕಾಗಿಲ್ಲ. ಈ ನೆಲದಲ್ಲಿ ಒಂದು ಕಾಲಕ್ಕೆ ಚೀತಾ ಇತ್ತು, ಚಿಗರಿ ಅದರ ಮುಖ್ಯ ಬೇಟೆ. ಚೀತಾ ನಮ್ಮ ದೇಶದಲ್ಲಿ ನಿರ್ನಾಮ ಆಯ್ತು ಅಂತ 1952ರಲ್ಲಿ ಘೋಷಿಸಿದರು. ಈಗ 2022ರಲ್ಲಿ ಆಫ್ರಿಕಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟಿದಾರೆ, ಅದು ಬೇರೆ ಮಾತು. ಅಂತೂ ನಮ್ಮ ಚಿಗರಿ ಇವತ್ತಿಗೂ ಇಲ್ಲದ ಶತ್ರುವಿಗೆ ಹೆದರಿ ಓಡ್ತಾ ಇದೆ. "ಅಲ್ಲಿಯ ಪ್ರಾಂಗ್‌ಹಾರ್ನ್ ಕಥಿನೂ ಇದ ಮಾಮಾ" ಅಂದ ಹುಡುಗ. ಅಮೆರಿಕದ ಹುಲ್ಲುಗಾವಲಿನಲ್ಲೂ ಚಿಗರಿಯಂಥದ್ದೇ ಒಂದು ಪ್ರಾಣಿ, ಅದನ್ನ ಓಡಿಸ್ತಿದ್ದ ಅಲ್ಲಿಯ ಚೀತಾ ಹೋಗಿ ಎಷ್ಟೋ ಸಾವಿರ ವರ್ಷ ಆಯ್ತಂತೆ.

ಚಿಗರಿಗಳು ಓಡಿ ಹೋದ ದಿಕ್ಕಿನಲ್ಲೇ ನಮ್ಮ ಸೋದರಮಾವನ ಹೊಲ.

ಇಲ್ಲಿಂದ ಕಥೆ ಅಷ್ಟು ಚಂದ ಇಲ್ಲ. ಮಾವನದ್ದು ಅಭಯಾರಣ್ಯದ ಅಂಚಿಗೆ ನಾಲ್ಕು ಎಕರೆ. ಮೊದಲು ಹತ್ತಿ, ಜೋಳ ಹಾಕ್ತಿದ್ದರು, ಈಗ ಹಾವೇರಿ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಗೋವಿನಜೋಳ, ಅವರದ್ದೂ ಅದೇ. ಮೊಳಕೆ ಬಂದು ಗೇಣುದ್ದ ಆಗೋ ಹೊತ್ತಿಗೆ ಚಿಗರಿ ಬಂದು ಸುಳಿ ಕಡಿದು ಹೋಗ್ತವೆ. ನಾವು ಹೋದಾಗ ಒಂದು ಎಕರೆಯಷ್ಟು ಕಡೆ ಸಾಲಿಗೆ ಸಾಲೇ ಬೋಳು. ಮಾವ ಎರಡನೇ ಸಲ ಬೀಜ ಊರಿಸ್ತಾ ಇದ್ದರು. ಬೀಜ, ಗೊಬ್ಬರ, ಕೂಲಿ ಎಲ್ಲ ಇನ್ನೊಮ್ಮೆ. ಪರಿಹಾರಕ್ಕೆ ಅರ್ಜಿ ಕೊಡಬಹುದು, ಕೊಟ್ಟಿದಾರೆ. ಬಂದಾಗ ಬಂತು.

ಅವರ ಮಗ ತಂತಿಗೆ ಕರೆಂಟ್ ಬಿಡೋಣ ಅಂತಾನೆ. ಮಾವ ಬೇಡ ಅಂತಾರೆ. ಈ ಜಗಳ ಆ ಮನೆಯಲ್ಲಿ ಮೂರು ವರ್ಷದಿಂದ ನಡೀತಾ ಇದೆ, ನಮ್ಮೆದುರಿಗೂ ನಡೀತು. "ಕೇಸ್ ಆಗ್ತೈತಿ ಅಂತ ಹೆದರ್ತೀಯೇನ್ ಅಪ್ಪಾ?" ಅಂತ ಮಗ. "ಕೇಸಿಗಲ್ಲೋ. ಬಸುರಿ ಚಿಗರಿ ತಂತಿಗೆ ಬಿದ್ದಿದ್ದ ಒಮ್ಮೆ ನೋಡೀನಿ, ಮತ್ತೊಮ್ಮೆ ನೋಡೂದ್ ಬ್ಯಾಡ" ಅಂತ ಮಾವ. ಎಲ್ಲಿ, ಯಾರ ಹೊಲದಲ್ಲಿ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆಮೇಲೆ ಚಹಾ ಕುಡೀತಾ ಅದೇ ಮಾವ ಅದೇ ಚಿಗರಿಗಳಿಗೆ ಇಲ್ಲಿ ಬರೆಯೋಕಾಗದ ಬೈಗುಳ ಬೈದರು. ಕೃಷ್ಣಮೃಗವನ್ನ ಪ್ರೀತಿಸೋದು ಬೆಂಗಳೂರಿನಲ್ಲಿ ಕೂತವರಿಗೆ ಸುಲಭ. ಎರಡು ಸಲ ಬೀಜ ಊರಿ, ಬೈದು, ಆದರೂ ತಂತಿ ಹಾಕದೇ ಇರೋದು ಬೇರೆ ಲೆವೆಲ್ಲು. ಮಗನದ್ದೂ ತಪ್ಪು ಅನ್ನೋಕೆ ನನಗೆ ಬಾಯಿಲ್ಲ. ಅವನ ತಲೆ ಮೇಲೆ ಸಾಲ ಇದೆ.

ಮಾವ ಚಹಾದ ಜೊತೆ ಇನ್ನೊಂದು ಮಾತು ತೆಗೆದರು, ನಾನು ಕೇಳಬೇಕು ಅಂತಿದ್ದದ್ದೂ ಅದೇ. ಎರ್ಲಡ್ಡು.

ಈ ಹೆಸರು ಈಗಿನವರು ಕೇಳಿರಲಿಕ್ಕಿಲ್ಲ. ಕೆಲವು ಕಡೆ ಎರೆಭೂತ ಅಂತಾರೆ, ಇನ್ನು ಕೆಲವರು ದೊರವಾಯನ ಹಕ್ಕಿ ಅಂತಾರೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಎರೆ ಅಂದ್ರೆ ಕಪ್ಪು ಮಣ್ಣಿನ ನೆಲ, ಆ ಬಯಲಿನ ದೊಡ್ಡ ಹಕ್ಕಿ. ಎತ್ತರ ಸುಮಾರು ಒಂದು ಮೀಟರು, ಗಂಡು ಹದಿನೈದು ಕಿಲೋವರೆಗೆ ತೂಗುತ್ತೆ, ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಪೈಕಿ ಒಂದು. ಗೂಡು ಕಟ್ಟೋದಿಲ್ಲ, ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ. ಸುತ್ತ ನಾಲ್ಕೂ ಕಡೆ ಕಾಣಬೇಕು ಅದಕ್ಕೆ, ಮರಗಿಡ ಬೇಡ. 1970-80ರ ಸುಮಾರಿಗೆ ರಾಣೆಬೆನ್ನೂರಿನ ಬಯಲಲ್ಲಿ ಇದು ಇತ್ತು. ಮಾವ ಹುಡುಗರಾಗಿದ್ದಾಗ ನೋಡಿದಾರೆ. "ಕುರಿ ನಿಂತಾವೇನೋ ಅನ್ಕೋಬೇಕು, ಅಷ್ಟ ದೊಡ್ಡದು. ಹತ್ರ ಹೋದ್ರ ಓಡತಿತ್ತು. ಆಮ್ಯಾಲೆ ಹಾರತಿತ್ತು, ಗುಡಾರ ಎದ್ದಂಗ" ಅಂದರು.

ಈಗ ಇಲ್ಲ. ಕರ್ನಾಟಕದಲ್ಲಿ ಅದರ ಕೊನೆಯ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಎರೆಹೊಲಗಳು, ಅಲ್ಲೂ ಬೆರಳಲ್ಲಿ ಎಣಿಸೋಷ್ಟು. ಇಡೀ ಜಗತ್ತಿನಲ್ಲೇ ನೂರೈವತ್ತರ ಆಸುಪಾಸು, ಹೆಚ್ಚಿನವು ರಾಜಸ್ಥಾನದಲ್ಲಿ. 2011ರಿಂದ ಅದು ತೀವ್ರ ಅಪಾಯದಲ್ಲಿರೋ ಹಕ್ಕಿಗಳ ಪಟ್ಟಿಯಲ್ಲಿದೆ. ಎದುರಿಗಿರೋದು ಅದಕ್ಕೆ ಸರಿಯಾಗಿ ಕಾಣೋದಿಲ್ಲ, ವಿದ್ಯುತ್ ತಂತಿಗೆ ಬಡಿದು ಸಾಯುತ್ತೆ.

ತಮಾಷೆ ಅಂದ್ರೆ ಈ ಹಕ್ಕಿ ನಮ್ಮ ರಾಷ್ಟ್ರಪಕ್ಷಿ ಆಗಬೇಕಾಗಿತ್ತು. ಸಲೀಂ ಅಲಿ ಅವರು ಇದರ ಪರ ಇದ್ದರು. ಹೆಸರಿನ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದಕ್ಷರ ತಪ್ಪಿದರೆ ಮಾನ ಹೋಗುತ್ತೆ ಅನ್ನೋ ಹೆದರಿಕೆಯಿಂದ ಬೇಡ ಅಂದರು ಅಂತ ಒಂದು ಕಥೆ ಓಡಾಡ್ತಾ ಇದೆ. 1963ರಲ್ಲಿ ನವಿಲು ಆಯ್ತು. ನವಿಲಿಗೆ ನಮ್ಮ ಜಿಲ್ಲೆಯಲ್ಲೇ ಒಂದು ಧಾಮ ಇದೆ. ಅದನ್ನ ಆಮೇಲೆ ಹೇಳ್ತೀನಿ. ಎರ್ಲಡ್ಡುವಿಗೆ ಇದ್ದ ನೆಲದಲ್ಲಿ ನಾವು ಮರ ನೆಟ್ಟೆವು.

ಹೌದು, ಮರ. ಅಭಯಾರಣ್ಯದಲ್ಲಿ ತಿರುಗಿದರೆ ಇದು ಯಾರಿಗಾದ್ರೂ ಗೊತ್ತಾಗುತ್ತೆ. ಹುಲ್ಲು ಅಂತ ಒಂದಿಷ್ಟು ದೂರ ಹೋಗ್ತೀರಿ, ಎದುರಿಗೆ ನೀಲಗಿರಿ ತೋಪು ನಿಂತಿರುತ್ತೆ. ಸಾಲು ಸಾಲು, ಕೆಳಗೆ ಒಣ ಎಲೆ ಬಿಟ್ಟರೆ ಏನೂ ಬೆಳೆಯಲ್ಲ. 1950ರ ದಶಕದಿಂದೀಚೆಗೆ ಇಲ್ಲಿಯ ಕುರುಚಲು ಬಯಲಿಗೆ ನೀಲಗಿರಿ ನೆಡುತ್ತಾ ಬಂದರು. ನೆಟ್ಟವರು ಕೆಟ್ಟವರೇನಲ್ಲ. ಬಯಲು ಅಂದ್ರೆ ಬಂಜರು, ಬಂಜರು ಅಂದ್ರೆ ಪಾಪ, ಅದನ್ನ ಹಸಿರು ಮಾಡಬೇಕು ಅಂತ ಎಲ್ಲರ ತಲೆಯಲ್ಲಿ ಕೂತಿತ್ತು. ಬ್ರಿಟಿಷರ ಕಂದಾಯದ ಪುಸ್ತಕದಲ್ಲಿ ಉಳುಮೆ ಇಲ್ಲದ, ಕಂದಾಯ ಬಾರದ ನೆಲ 'ವೇಸ್ಟ್'. ಈಗಲೂ ಸರ್ಕಾರ ತರೋ ಬಂಜರು ಭೂಮಿಯ ಅಟ್ಲಾಸಿನಲ್ಲಿ ಕುರುಚಲು ಕಾಡಿನ ನೆಲಕ್ಕೆ ಜಾಗ ಇದೆ. ಚಿಗರಿ ಹೊಟ್ಟೆ ತುಂಬಿಸಿಕೊಳ್ಳೋದು ಆ 'ವೇಸ್ಟ್'ನಲ್ಲೇ ಅನ್ನೋದು ಅಟ್ಲಾಸಿಗೆ ಗೊತ್ತಿಲ್ಲ.

ಚಿಗರಿ ಹೇಗೋ ಹೊಂದಿಕೊಂಡಿತು. ಹಗಲು ತೋಪಿನ ನೆರಳು, ಸಂಜೆ ಮಾವನ ಹೊಲ :( ಎರ್ಲಡ್ಡುವಿಗೆ ಹೊಂದಿಕೊಳ್ಳೋದು ಬರಲಿಲ್ಲ.

ಇಲ್ಲಿ ಒಬ್ಬರ ಹೆಸರು ಹೇಳಬೇಕು, ಎಸ್.ಜಿ. ನೇಗಿನಹಾಳ. ಬೆಂಗಳೂರಿನವರಿಗೆ ಅವರು 1980ರ ದಶಕದಲ್ಲಿ ಆ ಊರಿಗೆ 15 ಲಕ್ಷ ಮರ ನೆಡಿಸಿದ ಅರಣ್ಯಾಧಿಕಾರಿ ಅಂತ ಗೊತ್ತು. 2021ರಲ್ಲಿ ತೀರಿಕೊಂಡಾಗ ಪೇಪರುಗಳೆಲ್ಲ ಅದನ್ನೇ ಬರೆದವು. ಅದಕ್ಕೂ ಮೊದಲೇ ಅವರು ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಮರ ನೆಟ್ಟದ್ದರಿಂದ ಏನೇನು ಬದಲಾಯ್ತು ಅಂತ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್ಲಿಗೆ ಒಂದು ಲೇಖನ ಬರೆದಿದ್ದರು. ಎಲ್ಲಿ ಮರ, ಎಲ್ಲಿ ಹುಲ್ಲು ಅನ್ನೋ ಪ್ರಶ್ನೆಯನ್ನ ಅರಣ್ಯ ಇಲಾಖೆಯ ಒಳಗಿದ್ದವರೇ ಅಷ್ಟು ಹಿಂದೆ ಎತ್ತಿಕೊಂಡಿದ್ದರು ಅನ್ನೋದು ನನಗೆ ಬಹಳ ದೊಡ್ಡದಾಗಿ ಕಂಡಿತು.

ನೀಲಗಿರಿ ಅಂದಮೇಲೆ ಕುಸನೂರು ಬರಲೇಬೇಕು. ಎರಡನೇ ದಿನ ಹಾನಗಲ್ಲಿಗೆ ಹೋಗೋವಾಗ ಹುಡುಗನಿಗೆ ಈ ಕಥೆ ಹೇಳ್ತಾ ಹೋದೆ. 1984ರಲ್ಲಿ ರಾಜ್ಯ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನೋ ಕಂಪನಿ ಮಾಡಿತು. ಅರಣ್ಯ ಅಭಿವೃದ್ಧಿ ನಿಗಮ ಮತ್ತು ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿರೋ ಹರಿಹರ ಪಾಲಿಫೈಬರ್ಸ್, ಎರಡೂ ಸೇರಿ. ರೇಯಾನ್ ದಾರದ ತಿರುಳಿಗೆ ನೀಲಗಿರಿ ಬೇಕು, ಅದಕ್ಕೆ ಸುಮಾರು 75,000 ಎಕರೆ 'ಸಿ' ಮತ್ತು 'ಡಿ' ದರ್ಜೆಯ ಭೂಮಿ. ಈ ಸಿ-ಡಿ ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಕಳಪೆ ನೆಲ, ಜನರ ಲೆಕ್ಕದಲ್ಲಿ ದನಕುರಿ ಮೇಯೋ ಗೋಮಾಳ, ಸೌದೆ ತರೋ ಗುಡ್ಡ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಿತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಮೊದಲಿಗರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದಕ್ಕೆ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಅಂತ ಹೆಸರು. ಎಂಥಾ ಕನ್ನಡ ನೋಡಿ! 1991ರಲ್ಲಿ ಆ ಕಂಪನಿ ಮುಚ್ಚಿತು. ಹುಲ್ಲಿಗೋಸ್ಕರ ನಮ್ಮ ಜನ ಬೀದಿಗಿಳಿದದ್ದು ಅದೇ ಮೊದಲಲ್ಲ, ಅದಕ್ಕೆ ಸಾವಿರ ವರ್ಷದ ಸಾಕ್ಷಿ ಇದೆ. ನಾನು ಹುಡುಗನನ್ನ ಗುಡಿಗಳಿಗೆ ಕರಕೊಂಡು ಹೋಗಿದ್ದೇ ಅದನ್ನ ತೋರಿಸೋಕೆ.

ಆ ಸಾಕ್ಷಿ ಅಂದ್ರೆ ವೀರಗಲ್ಲುಗಳು. ಹಾನಗಲ್ಲು, ಹಿರೇಕೆರೂರು, ಹಾವೇರಿ, ಯಾವ ಕಡೆ ಹೋದರೂ ಇವೆ. ಹಾವೇರಿಯ ಸಿದ್ಧೇಶ್ವರ ಗುಡಿಯ ಅಂಗಳದಲ್ಲೂ ಇವೆ. ಚಾಲುಕ್ಯರ ಕಾಲದ, ಬಳಪದ ಕಲ್ಲಿನ ಚಂದದ ಗುಡಿ, ಪಶ್ಚಿಮಕ್ಕೆ ಮುಖ. ಎಲ್ಲರೂ ಒಳಗಿನ ಕಂಬ ನೋಡಿ ಹೊರಡ್ತಾರೆ. ಹೊರಗೆ ನಿಂತ ಕಲ್ಲುಗಳ ಹತ್ರ ಒಂದು ನಿಮಿಷ ಕೂತು ನೋಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಸತ್ತವನನ್ನ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಲಿಂಗದ ಎದುರು ಅವನು ಕೈಮುಗಿದು ಕೂತಿರೋದು. ಎಷ್ಟೋ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಯ ಒಂದು ಬದಿಗೆ ದನಗಳು ಕೆತ್ತಿರುತ್ತವೆ. ತುರುಗೊಳ್ ಅಂತಾರೆ ಹಳಗನ್ನಡದಲ್ಲಿ, ದನ ಹೊಡೆದುಕೊಂಡು ಹೋಗೋ ಕಾಳಗ. ಊರ ದನ ಬಿಡಿಸೋಕೆ ಹೋಗಿ ಸತ್ತವನ ಕಲ್ಲು ಅದು. ರಾಜ್ಯಕ್ಕಾಗಿ ಸತ್ತವರ ಕಲ್ಲೂ ಇವೆ, ಆದರೆ ಮೇಯೋ ದನಕ್ಕಾಗಿ ಸತ್ತವರು ಇಷ್ಟು ಜನ ಇದ್ದರು ಅಂದ್ರೆ ಆ ಕಾಲದಲ್ಲಿ ಈ ನೆಲದ ಸಂಪತ್ತು ಏನಾಗಿತ್ತು ಅಂತ ಲೆಕ್ಕ ಹಾಕಿ. ಹುಲ್ಲು ಇದ್ದದ್ದಕ್ಕೆ ದನ, ದನ ಇದ್ದದ್ದಕ್ಕೆ ಊರು, ಊರು ಇದ್ದದ್ದಕ್ಕೆ ಗುಡಿ.

ಹಾನಗಲ್ಲಿನ ತಾರಕೇಶ್ವರನ ಬಗ್ಗೆ ಬರೆಯೋಕೆ ಕೂತರೆ ಅದೇ ಇನ್ನೊಂದು ಪುಟ ಆಗುತ್ತೆ. ಒಳಗಿನ ಛತ್ತಿನ ಕಮಲವನ್ನ ನೆಲದ ಮೇಲೆ ಅಂಗಾತ ಮಲಗಿ ನೋಡಿ, ಯಾರೂ ಬೈಯೋದಿಲ್ಲ.

ಬಂಕಾಪುರದಲ್ಲಿ ಮಾತ್ರ ಅರ್ಧ ದಿನ ಕಳೆದ್ವಿ. (ತೋಳಗಳ ಅಭಯಾರಣ್ಯ ಆಗಿರೋ ಬಂಕಾಪುರ ಕೊಪ್ಪಳ ಜಿಲ್ಲೆಯದು, ಅದು ಬೇರೆ. ಗೂಗಲ್ಲಿನಲ್ಲಿ ಹುಡುಕುವಾಗ ಹುಷಾರು.) ಇದು ಅಮೋಘವರ್ಷ ನೃಪತುಂಗನ ಸೇನಾನಿ ಬಂಕೆಯನ ಹೆಸರಿನ ಊರು. ಗುಣಭದ್ರರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಆಗಿದ್ದು ಇಲ್ಲಿ. ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂದು ಸಲ್ಲೇಖನದಿಂದ ಪ್ರಾಣ ಬಿಟ್ಟದ್ದೂ ಇಲ್ಲೇ, ಹತ್ತನೇ ಶತಮಾನದಲ್ಲಿ. ಈಗ ಕೋಟೆಯ ಒಳಗೆ ಏನಿದೆ? ಹುಲ್ಲು! ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿಯ ಕೇಂದ್ರ ಇದೆ, ಬಿಳಿ ಎತ್ತುಗಳು, ನೆಟ್ಟಗೆ ನಿಂತ ಕೋಡುಗಳು. ದನಕ್ಕೆ ಅಂತ ನೆಲ ಬಿಟ್ಟಿದ್ದಕ್ಕೆ ನವಿಲುಗಳು ಬಂದು ಸೇರಿಕೊಂಡವು. 2006ರಲ್ಲಿ ಆ 139 ಎಕರೆಯನ್ನ ನವಿಲುಧಾಮ ಅಂತ ಮಾಡಿದರು. ಜಾಸ್ತಿ ಯಾರೂ ಏನೂ ಮಾಡದೇ, ಬರೇ ನೆಲವನ್ನ ಹಾಗೇ ಬಿಟ್ಟಿದ್ದಕ್ಕೆ ಆದ ಧಾಮ ಅದು. ನಾವು ಹೋದಾಗ ಒಂದು ಗಂಡು ನವಿಲು ಕೋಟೆ ಗೋಡೆ ಮೇಲೆ ಗರಿ ಇಳಿಬಿಟ್ಟು ಕೂತಿತ್ತು. ಅಲ್ಲೇ ಅರವತ್ತು ಕಂಬದ ಗುಡಿ. ನಗರೇಶ್ವರ ಅದರ ಹೆಸರು, ನಿಜವಾಗಿ ಕಂಬಗಳು 66. ಸುತ್ತಲಿನ ನೆಲ ಎತ್ತರ ಆಗಿ ಗುಡಿ ತಗ್ಗಿನಲ್ಲಿದೆ, ಮೆಟ್ಟಿಲು ಇಳಿದು ಹೋಗಬೇಕು. ಒಳಗೆ ಎಷ್ಟು ತಂಪು ಅಂದ್ರೆ ಹುಡುಗ ಕಂಬಕ್ಕೆ ಒರಗಿ ನಿದ್ದೆ ಹೊಡೆದ.

ಬ್ಯಾಡಗಿಯನ್ನ ದಾಟಿಕೊಂಡು ಬಂದ್ವಿ. ಜುಲೈನಲ್ಲಿ ಮೆಣಸಿನಕಾಯಿ ಮಾರ್ಕೆಟ್ಟು ಮಂಕು. ಜನವರಿ-ಫೆಬ್ರುವರಿಯಲ್ಲಿ ಬನ್ನಿ, ಊರ ಹೊರಗಿಂದಲೇ ಸೀನು ಶುರುವಾಗುತ್ತೆ. ಪಕ್ಕದ ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಕನ್ನಡಿಗ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು.

ಮೂರನೇ ದಿನ ನದಿ ಕಡೆ. ಗುತ್ತಲ ದಾಟಿದರೆ ನೆಲ ತುಂಗಭದ್ರೆಯತ್ತ ಮೆಲ್ಲಗೆ ಇಳಿಯುತ್ತೆ. ಚೌಡದಾನಪುರದ ಮುಕ್ತೇಶ್ವರ ಗುಡಿ ನದಿಯ ದಡದಲ್ಲೇ ಇದೆ. ಪುಟ್ಟದು, ಬಿಡಿಸಿಟ್ಟ ದಂತದ ಪೆಟ್ಟಿಗೆ ಥರ. ಊರಿಗೆ ಹೆಸರು ಬಂದದ್ದು ದೋಣಿ ನಡೆಸುತ್ತಿದ್ದ ವಚನಕಾರ ಅಂಬಿಗರ ಚೌಡಯ್ಯನಿಂದ. ಅಂಗಳದಲ್ಲಿ ಆಳೆತ್ತರ ಮೀರಿದ ಶಾಸನದ ಕಲ್ಲುಗಳು. ಗುತ್ತಲದಿಂದ ಆಳಿದ ಗುತ್ತರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರು ಅಂತ ಹೇಳಿಕೊಳ್ತಿದ್ದರು. ಗುಪ್ತ ಅನ್ನೋದು ಬಯಲಿಗೆ ಬಂದು ಗುತ್ತ ಆಯ್ತು ನೋಡಿ! ಶಾಸನದ ಅಕ್ಷರಗಳನ್ನ ಹುಡುಗ ಬೆರಳಲ್ಲಿ ಸವರ್ತಾ ಎರಡು-ಮೂರು ಓದಿಯೇಬಿಟ್ಟ. "ಮಾಮಾ, ಮೆಡೋರಾದಾಗ ಇಂಥಾವು ಒಂದೂ ಇಲ್ಲ" ಅಂದ. ಟಿಕೆಟ್ ಕೇಳೋರೂ ಇಲ್ಲ ಇಲ್ಲಿ, ನಾವಿಬ್ಬರೇ ಮತ್ತು ಒಂದು ಆಡು.

ಅಲ್ಲಿಂದ ಗಳಗನಾಥ. ವರದಾ ಬಂದು ತುಂಗಭದ್ರೆಯನ್ನ ಸೇರೋ ಜಾಗ. ಗುಡಿಯ ತಳಭಾಗ ಪಿರಮಿಡ್ಡಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗಿದೆ, ಬೇರೆಲ್ಲೂ ಇಂಥದ್ದು ನಾನು ನೋಡಿಲ್ಲ. ಪ್ರವಾಹಕ್ಕೆ ಒರಗಿ ನಿಲ್ಲಲಿ ಅಂತ ಕಟ್ಟಿದ್ದೋ ಏನೋ ಅಂತ ನನ್ನ ಊಹೆ. ನಾವು ಹೋದ ದಿನ ಎರಡೂ ನದಿ ಕೆಂಪಗೆ ತುಂಬಿ ಹರೀತಾ ಇದ್ದವು. ಈ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡವರು ವೆಂಕಟೇಶ ತಿರಕೋ ಕುಲಕರ್ಣಿ (1869-1942). ಕಾದಂಬರಿ ಅನ್ನೋದೇ ಹೊಸದಾಗಿದ್ದಾಗ ಬರೆದರು, ಅಗಡಿಯಿಂದ ಹೊರಡುತ್ತಿದ್ದ ಸದ್ಬೋಧ ಚಂದ್ರಿಕೆಗೆ ದುಡಿದರು, ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದರು ಅಂತಾರೆ. ಈ ಬಯಲಲ್ಲಿ, ಈ ಬಿಸಿಲಲ್ಲಿ, ನಡೆದು! ಕನ್ನಡ ಓದುವವರಿಲ್ಲ ಅಂತ ಗೊಣಗೋ ನಾವೆಲ್ಲ ಒಮ್ಮೆ ಆ ದಾರಿ ನಡೆಯಬೇಕು.

ವಾಪಸ್ ಬರೋವಾಗ ದಾರಿಯಲ್ಲಿ ಕುರಿಹಿಂಡು. ಹೆಗಲ ಮೇಲೆ ಕರಿ ಕಂಬಳಿ. ಮೆಡ್ಲೇರಿ ಕಂಬಳಿ ಅಂದ್ರೆ ನಮ್ಮ ಕಡೆ ಒಂದು ಕಾಲಕ್ಕೆ ಮದುವೆ ಸಾಮಾನು. ನಿಲ್ಲಿಸಿ ಮಾತಾಡಿಸಿದ್ವಿ. ಕುರಿಗಾರ ಅರವತ್ತರ ಹತ್ರದವರು. ಎಲ್ಲಿ ಮೇಯಿಸ್ತೀರಿ ಅಂತ ಕೇಳಿದೆ. ಅಭಯಾರಣ್ಯಕ್ಕೆ ಬಿಡೋ ಹಾಗಿಲ್ಲ, ಗೋಮಾಳ ಅಂತ ಇದ್ದದ್ದು ಸೈಟು ಆಯ್ತು, ತುಂಗಾ ಮೇಲ್ದಂಡೆ ಕಾಲುವೆ ಬಂದ ಮೇಲೆ ಬೀಳು ಹೊಲವೂ ಇಲ್ಲ. "ರೋಡಿನ ಬಾಜೂಕ್ ಹುಲ್ಲೈತಲ್ರೀ, ಅಷ್ಟ" ಅಂದರು. ಎರ್ಲಡ್ಡು ನೋಡಿದೀರಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗ ಇದ್ದಾಗ ಒಂದ್ ಸಲ ಅದರ ತತ್ತಿ ತುಳದ್ ಬಿಡ್ತಿದ್ದೆ, ನಮ್ಮಪ್ಪ ಕಪಾಳಕ್ ಹೊಡದಿದ್ದ" ಅಂದರು. ಅದರ ತತ್ತಿ ಇರೋ ಕಡೆ ಹಿಂಡು ಒಯ್ಯಬಾರದು ಅಂತ ಅವರ ಅಪ್ಪ ಸುತ್ತುಹಾಕಿ ಹೋಗ್ತಿದ್ದರಂತೆ. ಕಾನೂನು ಗೊತ್ತಿರಲಿಲ್ಲ, ಅಟ್ಲಾಸು ಗೊತ್ತಿರಲಿಲ್ಲ. ದಸರೆಯಲ್ಲಿ ದೇವರಗುಡ್ಡದ ಮಾಲತೇಶನ ಗೊರವಪ್ಪ ಬಿಲ್ಲು ಏರಿ ಕಾರಣಿಕ ನುಡಿಯೋದನ್ನ ಕೇಳೋಕೆ ತಪ್ಪದೇ ಹೋಗೋ ಜನ ಇವರು. ಮಳೆ-ಬೆಳೆ ಏನು ಅಂತ ಅಲ್ಲಿ ಕೇಳಿಸಿಕೊಂಡು ಬಂದು, ಆ ವರ್ಷ ಹಿಂಡು ಯಾವ ದಿಕ್ಕಿಗೆ ಅಂತ ತೀರ್ಮಾನ ಮಾಡ್ತಾರಂತೆ. "ಈಗ ದಿಕ್ಕು ಉಳದಿಲ್ಲ, ಕಾರಣಿಕ ಮಾತ್ರ ಕೇಳತೀವ್ರಿ" ಅಂತ ನಕ್ಕರು.

ನೋಡೋಕೆ ಹೋಗೋರಿಗೆ ಒಂದೆರಡು ಮಾತು. ಚಿಗರಿಗೆ ಬೆಳಿಗ್ಗೆ ಆರರಿಂದ ಎಂಟು, ಇಲ್ಲಾ ಸಂಜೆ. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಜನವರಿವರೆಗೆ ಚೆನ್ನಾಗಿರುತ್ತೆ. ಅರಣ್ಯ ಇಲಾಖೆಯ ಅನುಮತಿ ಕೇಳಿಕೊಂಡೇ ಹೋಗಿ. ಕೆಂಪು ಅಂಗಿ ಬೇಡ. ಗುತ್ತಲ, ಚೌಡದಾನಪುರ, ಗಳಗನಾಥ ಒಂದೇ ದಿನದಲ್ಲಿ ಆಗುತ್ತೆ, ಬಸ್ಸು ಕಮ್ಮಿ, ಬೈಕು ಉತ್ತಮ. ನೀರು, ಬುತ್ತಿ ಇಟ್ಟುಕೊಳ್ಳಿ. ಹೊಲದಲ್ಲಿ ಯಾರಾದ್ರೂ ಬೀಜ ಊರ್ತಾ ಇದ್ದರೆ "ಚಿಗರಿ ಎಲ್ಲಿ ಕಾಣ್ತಾವ್ರೀ?" ಅಂತ ಹಲ್ಲು ಕಿರಿದು ಕೇಳಬೇಡಿ, ಮೊದಲು ಬೆಳೆ ಹೇಗಿದೆ ಅಂತ ಕೇಳಿ.

ಮಾವನ ಎರಡನೇ ಸಲದ ಬೀಜ ಚೆನ್ನಾಗಿ ಹುಟ್ಟಿದೆಯಂತೆ, ಮೊನ್ನೆ ಫೋನಿನಲ್ಲಿ ಹೇಳಿದರು. ಮಗ ತಂತಿಯ ಸುರುಳಿ ತಂದು ಅಟ್ಟದ ಮೇಲೆ ಇಟ್ಟಿದಾನಂತೆ. ಇನ್ನೂ ಬಿಚ್ಚಿಲ್ಲ.